ಹುಳಿ, ಉರಿ, ಹೊತ್ತು: ಯಾವ ಅಡುಗೆಗೆ ಯಾವ ಪಾತ್ರೆ?

ಕಳೆದ ತಿಂಗಳು ಪರಿಚಯದ ಹೆಂಗಸೊಬ್ಬರು ಫೋನ್ ಮಾಡಿದ್ದರು. ಮಗಳಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ, ಬಾಡಿಗೆ ಮನೆ ಹಿಡಿದಿದ್ದಾಳೆ, ಅಡುಗೆಮನೆಗೆ ಏನೇನು ಕೊಡಿಸಲಿ ಎಂದು ಕೇಳಿದರು. “ಅವಳು ನಾನ್‌ಸ್ಟಿಕ್ ಸಾಕು ಅಂತಾಳೆ. ನಮ್ಮತ್ತೆ ಹಿತ್ತಾಳೆ ಪಾತ್ರೆ ಕಟ್ಟಿಕೊಡಿ ಅಂತಾರೆ. ವಾಟ್ಸಾಪ್ ನೋಡಿದ್ರೆ ಅಲ್ಯೂಮಿನಿಯಂ ವಿಷ, ಸ್ಟೀಲೂ ವಿಷ, ಕುಕ್ಕರೇ ಬೇಡ ಅಂತ ಬರುತ್ತೆ. ಹಾಗಾದ್ರೆ ಯಾವುದರಲ್ಲಿ ಬೇಯಿಸೋದು, ನೀವೇ ಹೇಳಿ ಮೇಡಂ.”

ಇಂಥ ಫೋನು ಇದೇ ಮೊದಲಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದವಳು, ಅದಕ್ಕಿಂತ ಹೆಚ್ಚು ವರ್ಷ ಒಲೆಯ ಮುಂದೆ ನಿಂತವಳು ಎಂದು ಜನ ನನ್ನನ್ನು ಕೇಳುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಹೆದರಿದವರು. ಒಬ್ಬರಂತೂ ಮನೆಯ ಅಲ್ಯೂಮಿನಿಯಂ ಎಲ್ಲ ಗುಜರಿಗೆ ಹಾಕಿ ದುಬಾರಿ ಎರಕದ ಕಬ್ಬಿಣದ ಸೆಟ್ ತಂದರು. ಅದರಲ್ಲಿ ಸಾರು ಮಾಡಿದರೆ ಕಪ್ಪಗೆ, ಬಾಯಿಗಿಟ್ಟರೆ ಒಗರು. ಆರು ತಿಂಗಳಲ್ಲಿ ಸೆಟ್ ಅಟ್ಟ ಸೇರಿತು, ಹೊರಗಿನಿಂದ ಸಾರು ತರಿಸುವುದು ಶುರುವಾಯಿತು. ಅದು ಬರುವುದು ಪ್ಲಾಸ್ಟಿಕ್ ಕವರಿನಲ್ಲಿ, ಬಿಸಿಬಿಸಿಯಾಗಿ.

ಒಳ್ಳೆಯ ಲೋಹ, ಕೆಟ್ಟ ಲೋಹ ಎಂದು ಎರಡು ರಾಶಿ ಮಾಡಲು ಹೊರಟರೆ ಹೀಗೇ ಆಗುತ್ತದೆ. ದೋಸೆಗೆ ಕಬ್ಬಿಣಕ್ಕಿಂತ ಮೇಲಿನದಿಲ್ಲ, ಸಾರಿಗೆ ಅದು ಒಗ್ಗುವುದಿಲ್ಲ. ಯಾವ ಪಾತ್ರೆ ಎನ್ನುವುದಕ್ಕಿಂತ ಮೊದಲು ಯಾವ ಅಡುಗೆ ಎಂದು ಕೇಳಿಕೊಳ್ಳಬೇಕು.

ಪಾತ್ರೆ ಅಂಗಡಿಗೆ ಹೋಗುವ ಮುಂಚೆ

ಪಾತ್ರೆಯ ಲೋಹವೋ ಲೇಪವೋ ಊಟಕ್ಕೆ ಇಳಿಯುವುದು ಮೂರು ದಾರಿಯಲ್ಲಿ: ಹುಳಿ, ಉರಿ, ಹೊತ್ತು.

ಹುಳಿ ಅಂದರೆ ಹುಣಸೆ, ಟೊಮೆಟೊ, ನಿಂಬೆ, ಮಜ್ಜಿಗೆ, ಪುನರ್ಪುಳಿ. ನಮ್ಮ ಅಡುಗೆಯಲ್ಲಿ ಇವಿಲ್ಲದ ದಿನವಿಲ್ಲ. ಒಂದು ಮೇಲೋಗರದ ಹೆಸರೇ ಹುಳಿ. ಬ್ರೆಡ್ಡು, ಮಾಂಸ, ಆಲೂಗಡ್ಡೆ ತಿನ್ನುವ ದೇಶಗಳಲ್ಲಿ ಬರೆದ ಪಾತ್ರೆಯ ಸಲಹೆಗಳು ನಮಗೆ ಹಾಗೆಹಾಗೇ ಹೊಂದದಿರುವುದು ಇದೇ ಕಾರಣಕ್ಕೆ. ಹುಳಿಯ ಜೊತೆ ಉಪ್ಪು ಸೇರಿದರೆ ಲೋಹ ಇನ್ನೂ ಬೇಗ ಕರಗುತ್ತದೆ.

ಉರಿಯ ಲೆಕ್ಕ ಬೇರೆ. ನೀರಿರುವ ಅಡುಗೆ ಎಷ್ಟೇ ಕುದಿದರೂ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಪ್ರೆಶರ್ ಕುಕ್ಕರಿನೊಳಗೆ 120 ಡಿಗ್ರಿಯ ಹತ್ತಿರ. ಆದರೆ ದೊಡ್ಡ ಉರಿಯ ಮೇಲೆ ಬರಿದೇ ಇಟ್ಟ ಕಾವಲಿ ಕೆಲವೇ ನಿಮಿಷಗಳಲ್ಲಿ 250 ಡಿಗ್ರಿ ದಾಟಬಲ್ಲದು. ಲೇಪವಿರುವ ಪಾತ್ರೆಗೆ ಗಂಡಾಂತರ ಇರುವುದು ಆ ನಿಮಿಷಗಳಲ್ಲಿ.

ಹೊತ್ತನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಹತ್ತು ನಿಮಿಷ ಕುದಿದ ಸಾರು ಬೇರೆ, ಅದೇ ಪಾತ್ರೆಯಲ್ಲಿ ರಾತ್ರಿಯಿಡೀ ಕೂತ ಸಾರು ಬೇರೆ, ವರ್ಷಗಟ್ಟಲೆ ಕೂತ ಉಪ್ಪಿನಕಾಯಿ ಮತ್ತೂ ಬೇರೆ. ಬೇಯಿಸಿದ್ದನ್ನು ಕೂಡಲೇ ಬೇರೆ ಪಾತ್ರೆಗೆ ಬಗ್ಗಿಸುವ ಅಭ್ಯಾಸ ಒಂದಿದ್ದರೆ ಅರ್ಧ ಚಿಂತೆ ಕಳೆಯಿತು. ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಇವುಗಳ ಜೊತೆಗೆ, ಉಣ್ಣುವವರು ಯಾರು ಎಂಬುದನ್ನೂ ನೋಡಬೇಕು. ಪುಟ್ಟ ಮಕ್ಕಳು, ಬಸುರಿ, ಮೂತ್ರಪಿಂಡದ ತೊಂದರೆ ಇರುವವರು ಮನೆಯಲ್ಲಿದ್ದರೆ ತಕ್ಕಡಿ ಬೇರೆ ಕಡೆಗೆ ವಾಲುತ್ತದೆ. ಆಮೇಲೆ ಉಳಿಯುವುದು ಕೈಯಲ್ಲಿರುವ ದುಡ್ಡು ಮತ್ತು ಮಣಿಕಟ್ಟಿನ ಶಕ್ತಿ. ಎತ್ತಲಾಗದ ಪಾತ್ರೆ ಎಷ್ಟು ಒಳ್ಳೆಯದಾದರೂ ಅಟ್ಟಕ್ಕೇ ಹೋಗುತ್ತದೆ.

ಅಲ್ಯೂಮಿನಿಯಂ, ಹಿಂಡಾಲಿಯಂ

ಎಲ್ಲಕ್ಕಿಂತ ಹೆಚ್ಚು ಬೈಸಿಕೊಂಡಿರುವುದು ಇದೇ ಆದ್ದರಿಂದ ಇಲ್ಲಿಂದಲೇ ಶುರು ಮಾಡೋಣ. ಹಿಂಡಾಲಿಯಂ ಅಂದರೂ ಅಲ್ಯೂಮಿನಿಯಂನದೇ ಒಂದು ಮಿಶ್ರಲೋಹ. ಹಗುರ, ಅಗ್ಗ, ಬೇಗ ಕಾಯುತ್ತದೆ. ಅಲ್ಯೂಮಿನಿಯಂ ಮೈಮೇಲೆ ಗಾಳಿ ತಾಗಿ ತಂತಾನೇ ತೆಳುವಾದ ಆಕ್ಸೈಡ್ ಪೊರೆ ಕಟ್ಟುತ್ತದೆ. ನೀರು, ಹಾಲು, ಅನ್ನ ಆ ಪೊರೆಯನ್ನು ಅಷ್ಟಾಗಿ ಕೆಣಕುವುದಿಲ್ಲ. ಹುಣಸೆರಸ, ಟೊಮೆಟೊ ಉಪ್ಪಿನೊಂದಿಗೆ ಕುದಿದರೆ ಪೊರೆ ಕರಗಿ ಲೋಹ ಸಾರಿಗಿಳಿಯುತ್ತದೆ. ಅಡುಗೆ ಸೋಡಾ ಹಾಕಿ ಕಾಳು ಬೇಯಿಸಿದರೂ ಹಾಗೆಯೇ. ಹುಣಸೆಹಣ್ಣು ಹಾಕಿ ತಿಕ್ಕಿತಿಕ್ಕಿ ಫಳಫಳ ಹೊಳೆಸಿದ ಅಲ್ಯೂಮಿನಿಯಂ ಪಾತ್ರೆ ನೋಡಲು ಚೆಂದ, ಆದರೆ ಅದರ ರಕ್ಷಣೆಯ ಪೊರೆಯನ್ನು ನಾವೇ ಕಿತ್ತಿರುತ್ತೇವೆ. ಒಳಗೆ ಸ್ವಲ್ಪ ಮಂಕಾಗಿರುವುದೇ ಅದಕ್ಕೆ ಕ್ಷೇಮ.

ಎಷ್ಟು ಇಳಿದರೆ ತೊಂದರೆ? ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2008ರಲ್ಲಿ ವಾರಕ್ಕೆ ದೇಹತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ ಎಂದು ಮಿತಿ ಹಾಕಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಜಂಟಿ ತಜ್ಞ ಸಮಿತಿ 2011ರಲ್ಲಿ ಅದನ್ನು 2 ಮಿಲಿಗ್ರಾಂ ಎಂದಿತು. ಅಂದರೆ 60 ಕಿಲೋ ತೂಗುವವರಿಗೆ ವಾರಕ್ಕೆ 60ರಿಂದ 120 ಮಿಲಿಗ್ರಾಂ, 15 ಕಿಲೋದ ಮಗುವಿಗೆ 15ರಿಂದ 30. ಒಂದೇ ಪಾತ್ರೆಯ ಸಾರನ್ನು ಮಗುವೂ ಉಣ್ಣುತ್ತದೆ, ಅಪ್ಪನೂ ಉಣ್ಣುತ್ತಾನೆ, ಆದರೆ ಮಗುವಿನ ಮಿತಿ ಬೇಗ ಮುಟ್ಟುತ್ತದೆ. ಅಲ್ಯೂಮಿನಿಯಂ ಪಾತ್ರೆಯಿಂದ ಮರೆಗುಳಿ ಕಾಯಿಲೆ ಬರುತ್ತದೆ ಎಂಬ ಮಾತು ಸಾಬೀತಾಗಿಲ್ಲ. ಗಟ್ಟಿಮುಟ್ಟಾಗಿರುವವರ ಮೂತ್ರಪಿಂಡ ಒಳಸೇರಿದ್ದರಲ್ಲಿ ಬಹುಪಾಲನ್ನು ಹೊರಹಾಕುತ್ತದೆ. ಮೂತ್ರಪಿಂಡವೇ ಸೋತವರ ಕಥೆ ಹಾಗಲ್ಲ. 1970ರ ದಶಕದಲ್ಲಿ ಡಯಾಲಿಸಿಸ್‌ಗೆ ಬಳಸುತ್ತಿದ್ದ ನೀರಿನಲ್ಲಿ ಅಲ್ಯೂಮಿನಿಯಂ ಸೇರಿ ರೋಗಿಗಳ ಮಿದುಳಿಗೆ ಹಾನಿಯಾದದ್ದು ವೈದ್ಯಲೋಕ ಕಂಡ ಸತ್ಯ. ಆದ್ದರಿಂದ ಮನೆಯಲ್ಲಿ ಅಂಥವರಿದ್ದರೆ ಹುಳಿ ಅಡುಗೆಗೆ ಅಲ್ಯೂಮಿನಿಯಂ ಬೇಡವೇ ಬೇಡ.

ನನಗೆ ಇದಕ್ಕಿಂತ ದೊಡ್ಡ ಭಯ ಇರುವುದು ಸೀಸದ್ದು. ಮೊಹರಿಲ್ಲದ, ಹೆಸರಿಲ್ಲದ ಎರಕದ ಪಾತ್ರೆಗಳು ಯಾವ ಯಾವ ಗುಜರಿ ಕರಗಿಸಿ ಮಾಡಿದ್ದೋ ಹೇಳುವವರಿಲ್ಲ. ಆಫ್ರಿಕದ ಕ್ಯಾಮರೂನಿನಲ್ಲಿ ಗುಜರಿ ಲೋಹದಿಂದ ಮಾಡಿದ ಅಲ್ಯೂಮಿನಿಯಂ ಪಾತ್ರೆಗಳು ಅಡುಗೆಗೆ ಸೀಸ ಬಿಡುತ್ತವೆ ಎಂದು ಸಂಶೋಧಕರು 2014ರಲ್ಲಿ ವರದಿ ಮಾಡಿದರು. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಆಗಸ್ಟ್‌ನಲ್ಲಿ, ಹೊರದೇಶಗಳಿಂದ ಬಂದ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆಗಳಿಂದ ಊಟಕ್ಕೆ ಸೀಸ ಇಳಿಯಬಹುದು ಎಂದು ಎಚ್ಚರಿಸಿತು. ಆ ಎಚ್ಚರಿಕೆಯಲ್ಲಿ ಹಿಂಡಾಲಿಯಂ ಎಂಬ ನಮ್ಮ ಹೆಸರೂ ಇತ್ತು. ಊರಿನಿಂದ ಹಿಂಡಾಲಿಯಂ ಬಾಣಲೆಯನ್ನು ಸೂಟ್‌ಕೇಸಿನಲ್ಲಿ ಹೊತ್ತುಕೊಂಡು ಹೋಗುವ ನಮ್ಮ ಮಕ್ಕಳು ಇದನ್ನು ಗಮನಿಸಬೇಕು. ಅಲ್ಯೂಮಿನಿಯಂಗೆ ಹಾಕಿದಂತೆ ಸೀಸಕ್ಕೆ ಮಿತಿ ಹಾಕಲು ಬರುವುದಿಲ್ಲ. ಇಷ್ಟು ಸೇರಿದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳೆಯುವ ಮಗುವಿನ ಮಿದುಳಿಗೆ ಅದು ಮಾಡುವ ಕೇಡು ಹೊರಗೆ ಕಾಣುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ, ಸೀಸದ ವಿಷದ ಬಗ್ಗೆ ಕೆಲಸ ಮಾಡಿದ ಡಾ. ತುಪ್ಪಿಲ್ ವೆಂಕಟೇಶ್ ಇದನ್ನೇ ದಶಕಗಳ ಕಾಲ ಹೇಳಿಕೊಂಡು ಬಂದರು.

ಕುಕ್ಕರಿನ ವಿಷಯದಲ್ಲಿ ಮಾತ್ರ ಹೆದರಿಕೆ ಕಡಿಮೆ ಮಾಡಿಕೊಳ್ಳಬಹುದು. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಕುಕ್ಕರಿನ ತಳಕ್ಕೆ ನೀರು ಹಾಕಿ, ಒಳಗೆ ಸ್ಟೀಲ್ ಪಾತ್ರೆಗಳಲ್ಲಿ ಅಕ್ಕಿ, ಬೇಳೆ ಇಡುತ್ತಾರೆ. ಆಗ ಊಟಕ್ಕೆ ಅಲ್ಯೂಮಿನಿಯಂ ತಾಗುವುದೇ ಇಲ್ಲ. ಅಂಥ ಮನೆಯವರು ಕುಕ್ಕರ್ ಬದಲಾಯಿಸಲು ದುಡ್ಡು ಸುರಿಯಬೇಕಿಲ್ಲ. ಹುಣಸೆ ಹಿಂಡಿ ಬಿಸಿಬೇಳೆಬಾತನ್ನು ನೇರ ಕುಕ್ಕರಿನಲ್ಲೇ ಮಾಡುವವರು, ಟೊಮೆಟೊ ಬಾತ್ ಕೂಗಿಸುವವರು ಮುಂದಿನ ಸಲ ಸ್ಟೀಲ್ ಕುಕ್ಕರ್ ಕೊಳ್ಳಲಿ. ಹಾರ್ಡ್ ಅನೊಡೈಸ್ಡ್ ಎಂದು ಬರುವ ಕಪ್ಪು ಪಾತ್ರೆಗಳಲ್ಲಿ ಅದೇ ಆಕ್ಸೈಡ್ ಪೊರೆಯನ್ನು ವಿದ್ಯುತ್ ಹರಿಸಿ ದಪ್ಪ ಮಾಡಿರುತ್ತಾರೆ. ಸಾದಾ ಅಲ್ಯೂಮಿನಿಯಂಗಿಂತ ಅದು ಎಷ್ಟೋ ಮೇಲು, ತಂತಿ ನಾರು ಹಾಕಿ ಉಜ್ಜದಿದ್ದರೆ.

ಸ್ಟೀಲ್

ದಿನದಿನದ ಸಾರು, ಹುಳಿ, ಗೊಜ್ಜು, ಮಜ್ಜಿಗೆಹುಳಿ, ಎಲ್ಲಕ್ಕೂ ನನ್ನ ಮೊದಲ ಆಯ್ಕೆ ಸ್ಟೀಲ್. ಹುಳಿಗೆ ಅಷ್ಟಾಗಿ ಬಗ್ಗುವುದಿಲ್ಲ, ತಿಕ್ಕಿದರೆ ಸವೆಯುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಕೊರತೆ ಒಂದೇ, ತೆಳು ಸ್ಟೀಲಿನಲ್ಲಿ ಕಾವು ಸಮವಾಗಿ ಹರಡದೆ ತಳ ಹಿಡಿಯುತ್ತದೆ. ಅದಕ್ಕಾಗಿ ನಡುವೆ ಅಲ್ಯೂಮಿನಿಯಂ ಪದರ, ಎರಡೂ ಮಗ್ಗುಲಲ್ಲಿ ಸ್ಟೀಲ್ ಇರುವ ಟ್ರೈಪ್ಲೈ ಪಾತ್ರೆಗಳು ಬಂದಿವೆ. ಬೆಲೆ ಜಾಸ್ತಿ, ಮನೆಯಳತೆಯ ಒಂದು ಬಾಣಲೆಗೆ ಅಂದಾಜು ₹1,500ರಿಂದ 3,000. ಎಲ್ಲವನ್ನೂ ಟ್ರೈಪ್ಲೈ ಮಾಡಬೇಕಿಲ್ಲ. ಪಲ್ಯ, ಉಪ್ಪಿಟ್ಟು, ಗೊಜ್ಜು ಹುರಿಯುವ ಒಂದು ಬಾಣಲೆ ಅದಾದರೆ ಸಾಕು. ಸಾರಿಗೆ, ಹಾಲಿಗೆ ದಪ್ಪತಳದ ಸಾದಾ ಸ್ಟೀಲ್ ನಡೆಯುತ್ತದೆ.

ಕೊಳ್ಳುವಾಗ ಜನ ಅಯಸ್ಕಾಂತ ಹಿಡಿದು ನೋಡುತ್ತಾರೆ. ಅಂಟಿಕೊಳ್ಳದಿದ್ದರೆ ಅಸಲಿ ಎಂದು ನಂಬಿಕೆ. ಅದು ಪೂರ್ತಿ ಸರಿಯಲ್ಲ. ಅಡುಗೆಗೆ ಹೆಸರಾದ 304 ದರ್ಜೆಯಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಇರುತ್ತದೆ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ 202 ದರ್ಜೆಗೂ ಅಯಸ್ಕಾಂತ ಅಂಟುವುದಿಲ್ಲ. ಎರಡನ್ನೂ ಕಣ್ಣಿನಿಂದ ಬೇರ್ಪಡಿಸಲಾಗದು. ತಳದಲ್ಲಿ ಕೊರೆದ ದರ್ಜೆಯ ಅಂಕಿ, ಐಎಸ್‌ಐ ಮುದ್ರೆ ನೋಡಿ. ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಈ ಮುದ್ರೆ ಕಡ್ಡಾಯ ಮಾಡಿ ಕೇಂದ್ರ ಸರ್ಕಾರ 2024ರಲ್ಲಿ ಆದೇಶ ಹೊರಡಿಸಿದೆ. ಕೇಳಲು ಸಂಕೋಚ ಬೇಡ.

ಹೊಸ ಸ್ಟೀಲಿನಿಂದ ಮೊದಮೊದಲ ಅಡುಗೆಗಳಿಗೆ ನಿಕ್ಕಲ್, ಕ್ರೋಮಿಯಂ ಸ್ವಲ್ಪ ಹೆಚ್ಚೇ ಇಳಿಯುತ್ತದೆ. ಟೊಮೆಟೊ ಸಾಸ್ ಕುದಿಸಿ ನೋಡಿದ, 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನಾಲ್ಕಾರು ಸಲ ಬೇಯಿಸಿದ ಮೇಲೆ ಅದು ಬಹಳ ತಗ್ಗಿತ್ತು. ಆದ್ದರಿಂದ ಹೊಸ ಪಾತ್ರೆಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಪಾಲಿಶಿನ ಕರಿ ತೆಗೆದು, ಹುಣಸೆನೀರನ್ನು ನಾಲ್ಕೈದು ಸಲ ಕುದಿಸಿ ಚೆಲ್ಲಿ. ಕಿವಿಯೋಲೆ, ಗಡಿಯಾರದ ಪಟ್ಟಿ ತಾಗಿದರೆ ಕೆರೆತ ಬರುವ ನಿಕ್ಕಲ್ ಅಲರ್ಜಿಯವರು ಮಾತ್ರ ಹುಳಿ ಅಡುಗೆಗೆ ಮಣ್ಣು ಅಥವಾ ಕಲ್ಲಿನ ಪಾತ್ರೆ ನೋಡಿಕೊಳ್ಳುವುದು ಒಳ್ಳೆಯದು.

ಕಬ್ಬಿಣ

ಕಬ್ಬಿಣದ ಬಾಣಲೆಯಿಂದ ಊಟಕ್ಕೆ ಇಳಿಯುವುದು ಕಬ್ಬಿಣಾಂಶವೇ. ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತಿರುವಾಗ ಇದು ಸಣ್ಣ ಲಾಭವಲ್ಲ. ಹಾಗೆಂದು ವೈದ್ಯರು ಕೊಟ್ಟ ಮಾತ್ರೆ ಬಿಡುವಂತಿಲ್ಲ. ಥಲಸ್ಸೇಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವವರು, ದೇಹದಲ್ಲಿ ಕಬ್ಬಿಣ ಶೇಖರವಾಗುವ ಕಾಯಿಲೆಯವರು ವೈದ್ಯರನ್ನು ಕೇಳಿಯೇ ಬಳಸಬೇಕು.

ದೋಸೆ, ರೊಟ್ಟಿ, ಚಪಾತಿ, ಬೆಂಡೆಕಾಯಿ ಪಲ್ಯ, ಒಗ್ಗರಣೆ, ಕರಿಯುವುದು, ಹುರಿಯುವುದು, ಇವೆಲ್ಲ ಕಬ್ಬಿಣದ ಪಾಲು. ಎಷ್ಟು ಉರಿ ಕೊಟ್ಟರೂ ಅದರಿಂದ ಕೆಟ್ಟ ಹೊಗೆ ಏಳದು. ಹುಣಸೆ ಹಾಕಿದ್ದನ್ನು ಮಾತ್ರ ಇದರಲ್ಲಿ ಕುದಿಸಬೇಡಿ. ವಿಷವೇನಲ್ಲ, ಬಣ್ಣ ಕಪ್ಪಾಗಿ ಬಾಯಿಗೆ ಕಬ್ಬಿಣದ ಒಗರು ಬರುತ್ತದೆ, ಕಾವಲಿಯ ಹದವೂ ಕೆಡುತ್ತದೆ. ಮಾಡಿದ ಪಲ್ಯವನ್ನು ಬಾಣಲೆಯಲ್ಲೇ ಬಿಡದೆ ಕೂಡಲೇ ತೆಗೆಯಿರಿ.

ತಗಡಿನ ಕಬ್ಬಿಣ ಹಗುರ, ₹300–500ಕ್ಕೆ ಒಂದು ಕಾವಲಿ ಸಿಗುತ್ತದೆ. ಎರಕದ ಕಬ್ಬಿಣ ಭಾರ, ಬೆಲೆ ಅಂದಾಜು ₹1,000–1,500, ಕಾವು ಹಿಡಿದಿಟ್ಟುಕೊಳ್ಳುವುದರಲ್ಲಿ ತಗಡಿಗಿಂತ ಮೇಲು, ಕೈತಪ್ಪಿ ಬಿದ್ದರೆ ಬಿರುಕು. ಒಂದು ಕಾವಲಿ ಪಳಗಲು ತಾಳ್ಮೆ ಬೇಕು. ತೊಳೆದು, ಕಾಯಿಸಿ, ಎಣ್ಣೆ ಸವರಿ, ಆರಲು ಬಿಟ್ಟು, ಮತ್ತೆ ಕಾಯಿಸಿ. ಈರುಳ್ಳಿ ಹೋಳನ್ನು ಎಣ್ಣೆಯಲ್ಲದ್ದಿ ಉಜ್ಜುತ್ತ ಒಂದು ವಾರ ಹೀಗೆ ಮಾಡಿದರೆ ದೋಸೆ ಏಳಲು ಶುರುವಾಗುತ್ತದೆ. ಚಪಾತಿ ಮಾಡುವ ಕಾವಲಿಯೇ ಬೇರೆ, ದೋಸೆಯದ್ದೇ ಬೇರೆ ಇಟ್ಟುಕೊಳ್ಳಬೇಕೆಂದು ನನ್ನಮ್ಮ ಹಟ ಹಿಡಿಯುತ್ತಿದ್ದಳು. ಒಣ ಉರಿಗೆ ಕಾದ ಕಾವಲಿಯಲ್ಲಿ ಎಣ್ಣೆಯ ಪದರ ಸುಟ್ಟುಹೋಗುತ್ತದೆ, ಹಾಗಾಗಿ ಅವಳು ಹೇಳಿದ್ದು ಸರಿ. ತೊಳೆದು ಒದ್ದೆಯಾಗಿಯೇ ಇಟ್ಟರೆ ಬೆಳಗಾಗುವುದರಲ್ಲಿ ತುಕ್ಕು. ಪಾತ್ರೆ ತೊಳೆಯಲು ಸಹಾಯಕ್ಕೆ ಬರುವವರಿದ್ದರೆ ಇದೊಂದನ್ನು ನಾವೇ ತೊಳೆದು ಒರೆಸಿಡುವುದು ಉತ್ತಮ.

ನಾನ್‌ಸ್ಟಿಕ್

ಸಾಮಾನ್ಯ ನಾನ್‌ಸ್ಟಿಕ್ ಲೇಪದ ಹೆಸರು ಪಿಟಿಎಫ್‌ಇ, ಟೆಫ್ಲಾನ್ ಎಂದರೆ ಹೆಚ್ಚು ಜನಕ್ಕೆ ಗೊತ್ತು. ಡುಪಾಂಟ್ ಕಂಪನಿಯಲ್ಲಿದ್ದ ರಾಯ್ ಪ್ಲಂಕೆಟ್ 1938ರಲ್ಲಿ ಇದನ್ನು ಅಕಸ್ಮಾತ್ತಾಗಿ ಕಂಡುಹಿಡಿದರು. ಇದರ ಬಗೆಗಿನ ಭಯಕ್ಕೆ ಎರಡು ಮೂಲ, ಅವನ್ನು ಕಲಸಿಕೊಳ್ಳಬಾರದು. ಒಂದು, ಲೇಪ ತಯಾರಿಸಲು ಬಳಸುತ್ತಿದ್ದ ಪಿಎಫ್‌ಒಎ ಎಂಬ ರಾಸಾಯನಿಕ. ಅದು ಮಣ್ಣಿನಲ್ಲಿ, ನೀರಿನಲ್ಲಿ, ರಕ್ತದಲ್ಲಿ ಬೇಗ ನಾಶವಾಗದೆ ಉಳಿಯುವಂಥದ್ದು. ಅಮೆರಿಕದ ದೊಡ್ಡ ತಯಾರಕರು 2015ರ ಹೊತ್ತಿಗೆ ಅದನ್ನು ಕೈಬಿಟ್ಟರು. ಇಂಥ ಬೇಗ ನಾಶವಾಗದ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ 2019ರಲ್ಲಿ ಅದು ಸೇರಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಹಾಕಿತು. ಅದರ ಕೇಡನ್ನು ಹೆಚ್ಚು ಉಂಡವರು ಕಾರ್ಖಾನೆಯ ಕೆಲಸಗಾರರು ಮತ್ತು ಸುತ್ತಲಿನ ನೀರು ಕುಡಿದ ಜನ.

ಎರಡನೆಯದು ನಮ್ಮ ಒಲೆಯ ಮೇಲಿನದು. ಸುಮಾರು 260 ಡಿಗ್ರಿ ದಾಟಿದರೆ ಲೇಪ ಕೆಡಲು ತೊಡಗುತ್ತದೆ. ಇನ್ನೂ ಮೇಲೇರಿದರೆ ಒಡೆದು ಹೊಗೆಯಾಗುತ್ತದೆ. ಆ ಹೊಗೆಗೆ ಪಂಜರದ ಹಕ್ಕಿಗಳು ಸಾಯುತ್ತವೆ, ಮನುಷ್ಯರಿಗೆ ಫ್ಲೂ ಬಂದಂತೆ ಚಳಿಜ್ವರ ಬರುತ್ತದೆ. ಒಮ್ಮೆ ನಾನು ನಾನ್‌ಸ್ಟಿಕ್ ಕಾವಲಿಯನ್ನು ಉರಿಯ ಮೇಲಿಟ್ಟು ಬಾಗಿಲಿಗೆ ಬಂದವರ ಜೊತೆ ಮಾತಿಗೆ ನಿಂತೆ. ಒಳಬಂದಾಗ ಮೂಗು ಉರಿಯುವ ಘಾಟು. ಕಿಟಕಿ ಎಲ್ಲ ತೆರೆದು, ಆ ಕಾವಲಿಯನ್ನು ಅಂದೇ ಎಸೆದೆ. ಎಸೆದದ್ದಕ್ಕೆ ಇವತ್ತಿಗೂ ಬೇಸರವಿಲ್ಲ. ಕಿತ್ತುಬಂದ ಲೇಪದ ಚೂರನ್ನು ನುಂಗಿದರೆ ಅದು ಕರಗದೆ ಹೊರಹೋಗುತ್ತದೆ. ಆದರೂ ಗೀರುಬಿದ್ದು ಲೇಪ ಏಳುತ್ತಿರುವ ಪಾತ್ರೆಯನ್ನು ಇಟ್ಟುಕೊಳ್ಳಲು ಕಾರಣವಿಲ್ಲ.

ದೋಸೆಗೆ ದೊಡ್ಡ ಉರಿಯಲ್ಲಿ ಖಾಲಿ ಕಾವಲಿ ಕಾಯಿಸುವುದೇ ನಮ್ಮ ಪದ್ಧತಿ. ನಾನ್‌ಸ್ಟಿಕ್ಕಿಗೆ ಒಗ್ಗದ್ದು ಅದೇ. ಸಣ್ಣ ಉರಿಯಲ್ಲಿ ಮೊಟ್ಟೆ, ಕಡಿಮೆ ಎಣ್ಣೆಯ ಒಂದೆರಡು ತಿಂಡಿ, ಮರದ ಸೌಟು, ಇಷ್ಟಕ್ಕೆ ಅದು ಇರಲಿ. ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಗ್ರಾನೈಟ್, ಮಾರ್ಬಲ್ ಎಂಬ ಹೆಸರಿನವು ಕಲ್ಲಿನವಲ್ಲ, ಸಾಮಾನ್ಯವಾಗಿ ಅಲ್ಯೂಮಿನಿಯಂ ಮೇಲೆ ಚುಕ್ಕೆ ಬಣ್ಣದ ಲೇಪ. ಸೆರಾಮಿಕ್ ಲೇಪದಲ್ಲಿ ಪಿಟಿಎಫ್‌ಇ ಇರುವುದಿಲ್ಲ, ಆದರೆ ಅದರ ಜಾರುಗುಣ ಬೇಗ ಹೋಗುತ್ತದೆ.

ಹಿತ್ತಾಳೆ, ತಾಮ್ರ

ಇಲ್ಲಿ ಭಕ್ತಿ ಹೆಚ್ಚು, ಎಚ್ಚರ ಕಡಿಮೆ. ಹಿರಿಯರು ಹಿತ್ತಾಳೆಯಲ್ಲೇ ಬೇಯಿಸುತ್ತಿದ್ದರು ಎನ್ನುವುದು ನಿಜ. ಆದರೆ ಅವರು ಬೇಯಿಸುತ್ತಿದ್ದದ್ದು ಕಲಾಯಿ, ಅಂದರೆ ಒಳಗೆ ತವರದ ಲೇಪ, ಹಾಕಿಸಿದ ಹಿತ್ತಾಳೆಯಲ್ಲಿ. ಬೀದಿಯಲ್ಲಿ ಕಲಾಯಿಯವನ ಕೂಗು ಕೇಳಿದರೆ ಅಜ್ಜಿ ಪಾತ್ರೆಗಳನ್ನೆಲ್ಲ ಜಗುಲಿಗೆ ತಂದು ಒಳಗೆ ಬೆರಳಾಡಿಸಿ ನೋಡುತ್ತಿದ್ದಳು, ಎಲ್ಲಿ ಹಳದಿ ಇಣುಕಿದೆ ಎಂದು. ಆ ಕೂಗು ಈಗ ಅಪರೂಪವಾಗಿದೆ, ಅಂದದ ಹಿತ್ತಾಳೆ ಪಾತ್ರೆಗಳು ಮಾತ್ರ ಅಂಗಡಿ ತುಂಬ.

ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಗೆ ಹುಳಿ ತಾಗಿದರೆ ತಾಮ್ರ ಕರಗುತ್ತದೆ. ಕಿಲುಬು ಎನ್ನುತ್ತೇವಲ್ಲ, ಆ ಹಸಿರು ಅದೇ. ನಾನು ಚಿಕ್ಕವಳಿದ್ದಾಗ ನೆಂಟರ ಮನೆಯ ಗೃಹಪ್ರವೇಶದಲ್ಲಿ ಕಲಾಯಿ ಹೋದ ಹಿತ್ತಾಳೆ ಕೊಳಗದಲ್ಲಿ ಬೆಳಗ್ಗೆಯಿಂದ ಇಟ್ಟ ಮಜ್ಜಿಗೆಯನ್ನು ಮಧ್ಯಾಹ್ನ ಬಡಿಸಿದರು. ಕುಡಿದವರಲ್ಲಿ ಹಲವರಿಗೆ ವಾಂತಿ. ಬಿಸಿಲಿಗೆ ಹೀಗಾಯಿತು ಎಂದರು ದೊಡ್ಡವರು. ಕಾಲೇಜಿನಲ್ಲಿ ತಾಮ್ರದ ಪಾಠ ಕೇಳುವಾಗ ನನಗೆ ಆ ಕೊಳಗ ನೆನಪಾಯಿತು.

ತಾಮ್ರದ ಬಿಂದಿಗೆಯ ನೀರಿನ ಮಾತು ಬೇರೆ. ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಭೇದಿ ತರುವ ಸೂಕ್ಷ್ಮಜೀವಿಗಳು ಸತ್ತುಹೋದವೆಂದೂ, ನೀರಿಗಿಳಿದ ತಾಮ್ರ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೊಳಗೇ ಇತ್ತೆಂದೂ ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಆ ಮಿತಿ ಲೀಟರಿಗೆ 2 ಮಿಲಿಗ್ರಾಂ. ಅಂದರೆ ರಾತ್ರಿ ತುಂಬಿಟ್ಟ ಬರೀ ನೀರು ಕುಡಿಯಲು ಅಡ್ಡಿಯಿಲ್ಲ. ನಿಂಬೆರಸ, ಪಾನಕ, ಮಜ್ಜಿಗೆ, ಜೀರಿಗೆ ಹುಳಿನೀರು ಅದಕ್ಕೆ ಬೇಡ. ಮಕ್ಕಳು ತಾಮ್ರದ ಬಾಟಲಿಯಲ್ಲಿ ಶಾಲೆಗೆ ಶರಬತ್ತು ಒಯ್ಯುವುದನ್ನು ನೋಡಿದ್ದೇನೆ, ಅದನ್ನು ಇಂದೇ ನಿಲ್ಲಿಸಬೇಕು.

ಹಿತ್ತಾಳೆಯೇ ಬೇಕೆನ್ನುವವರು ಎರಡು ಸಂಗತಿ ನೋಡಿಕೊಳ್ಳಲಿ. ಕಲಾಯಿಗೆ ಬಳಸುವುದು ತವರ. ಅಗ್ಗವಾಗಲೆಂದು ಅದಕ್ಕೆ ಸೀಸ ಬೆರೆಸಿದರೆ ಇದ್ದ ರೋಗಕ್ಕಿಂತ ಮದ್ದೇ ಕೆಟ್ಟದ್ದು. ಆದ್ದರಿಂದ ಶುದ್ಧ ತವರವೇ ಎಂದು ಖಾತ್ರಿ ಮಾಡಿಕೊಂಡು, ನಂಬಿಕಸ್ತರ ಹತ್ತಿರವೇ ಹಾಕಿಸಿ. ಇನ್ನು, ತವರ 232 ಡಿಗ್ರಿಗೆ ಕರಗುತ್ತದೆ. ಕಲಾಯಿ ಪಾತ್ರೆಯನ್ನು ಖಾಲಿ ಕಾಯಿಸಿದರೆ, ಅದರಲ್ಲೇ ಒಗ್ಗರಣೆ ಸಿಡಿಸಿದರೆ ಒಳಗಿನ ಬಿಳಿ ಸರಿದು ಹೋಗುತ್ತದೆ. ಪಾಯಸ, ಪೊಂಗಲ್, ಅನ್ನ, ನೀರು ಹೆಚ್ಚಿರುವ ಬೇಳೆ ಅದಕ್ಕೆ ಒಪ್ಪುವ ಅಡುಗೆ.

ಮಣ್ಣು, ಕಲ್ಲು

ಹುಳಿಗೆ ಹೆದರದ ಹಳೆಯ ಪಾತ್ರೆಗಳು ಇವು. ಕರಾವಳಿಯಲ್ಲಿ ಮೀನುಸಾರಿಗೆ ಮಣ್ಣಿನ ಮಡಿಕೆ, ಕೆಲವು ಮನೆಗಳಲ್ಲಿ ಗೊಜ್ಜಿಗೆ ಕಲ್ಲಿನ ಮರಿಗೆ ಇಟ್ಟದ್ದು ತಿಳಿದೇ ಇಟ್ಟದ್ದು. ಎರಡೂ ನಿಧಾನ ಕಾಯುತ್ತವೆ, ನಿಧಾನ ಆರುತ್ತವೆ. ಕೆಳಗಿಳಿಸಿದ ಮೇಲೂ ಕಲ್ಲಿನಲ್ಲಿ ಗೊಜ್ಜು ಕುದಿಯುತ್ತಲೇ ಇರುತ್ತದೆ, ಸ್ವಲ್ಪ ಮುಂಚೆಯೇ ಉರಿ ಆರಿಸಿದರೆ ಗ್ಯಾಸೂ ಉಳಿಯಿತು. ಒಡೆಯುತ್ತವೆ, ಭಾರ, ಇಂಡಕ್ಷನ್ ಒಲೆಗೆ ಆಗುವುದಿಲ್ಲ. ಕೊಳ್ಳುವಾಗ ಒಳಗೆ ಹೊಳಪಿನ ಬಣ್ಣ, ಗಾಜಿನಂಥ ಲೇಪ ಇರುವ ಮಣ್ಣಿನ ಪಾತ್ರೆ ಬಿಡಿ, ಅಂಥ ಲೇಪದಲ್ಲಿ ಸೀಸ ಇರಬಹುದು. ಸಾದಾ ಸುಟ್ಟ ಮಣ್ಣಿನದು ತಂದು ಒಂದು ದಿನ ನೀರಿನಲ್ಲಿ ನೆನೆಸಿ, ಗಂಜಿ ಕಾಯಿಸಿ ಪಳಗಿಸಿ. ಕಲ್ಲಿನದಕ್ಕೆ ಎಣ್ಣೆ, ಅರಿಸಿನ ಸವರಿ ಕೆಲವು ದಿನ ಬಿಟ್ಟು, ಆಮೇಲೆ ಸಣ್ಣ ಉರಿಯಿಂದ ಶುರು.

ಬೇಯಿಸಿದ್ದನ್ನು ಎಲ್ಲಿಡುತ್ತೀರಿ

ಬೇಯಿಸುವ ಪಾತ್ರೆಗೆ ಸಾವಿರಾರು ಖರ್ಚು ಮಾಡಿ, ಬಿಸಿ ಅನ್ನ ಸಾರನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಕಳಿಸಿದರೆ ಅಷ್ಟೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬಿಸಿ, ಎಣ್ಣೆ, ಹುಳಿ ಮೂರೂ ಪ್ಲಾಸ್ಟಿಕ್ಕಿನಿಂದ ರಾಸಾಯನಿಕ ಎಳೆಯುತ್ತವೆ. 2025ರ ಫೆಬ್ರುವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ತಪಾಸಣೆ ಮಾಡಿದಾಗ ಕೆಲವು ಹೋಟೆಲುಗಳು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿದ್ದುದು ಸಿಕ್ಕಿಬಿತ್ತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅದನ್ನು ನಿಷೇಧಿಸುವುದಾಗಿ ಹೇಳಿದರು. ಪಾರ್ಸೆಲ್ ತರುವವರು ಸ್ಟೀಲ್ ಡಬ್ಬಿ ಒಯ್ಯಿರಿ, ಈಗ ಎಷ್ಟೋ ಹೋಟೆಲಿನವರು ಬೇಡ ಎನ್ನುವುದಿಲ್ಲ. ಉಪ್ಪಿನಕಾಯಿಗೆ ಪಿಂಗಾಣಿ ಜಾಡಿ ಅಥವಾ ಗಾಜು, ಬೇರೆ ಯೋಚನೆಯೇ ಬೇಡ. ಬೇಳೆ, ರವೆ, ಹಿಟ್ಟಿನಂಥ ಒಣ ಸಾಮಾನಿಗೆ ಇರುವ ಪ್ಲಾಸ್ಟಿಕ್ ಡಬ್ಬಿ ಇರಲಿ, ಅವನ್ನು ಎಸೆಯುವ ಆತುರವಿಲ್ಲ.

ನಿಮ್ಮ ಮನೆಗೆ ಯಾವುದು?

ಕೈಯಲ್ಲಿ ₹1,000 ಮಾತ್ರ ಇದ್ದರೆ ತಗಡಿನ ಕಬ್ಬಿಣದ ಕಾವಲಿ ಒಂದು, ಸಾರಿಗೆ ದಪ್ಪತಳದ ಸಣ್ಣ ಸ್ಟೀಲ್ ಪಾತ್ರೆ ಒಂದು. ನಿಮ್ಮ ಮನೆಯ ಹುಳಿ ಮತ್ತು ಉರಿ ಎರಡೂ ಅಲ್ಲಿಗೆ ಸರಿಯಾದ ಜಾಗ ಸೇರುತ್ತವೆ. ಇನ್ನಷ್ಟು ದುಡ್ಡು ಕೂಡಿದಾಗ ಟ್ರೈಪ್ಲೈ ಬಾಣಲೆ, ಆಮೇಲೆ ಸ್ಟೀಲ್ ಕುಕ್ಕರ್. ಒಂದೇ ಸಲಕ್ಕೆ ಅಡುಗೆಮನೆ ಖಾಲಿ ಮಾಡಬೇಡಿ.

ಪುಟ್ಟ ಮಕ್ಕಳು, ಬಸುರಿ ಇರುವ ಮನೆಯಲ್ಲಿ ಮೊದಲು ಹೋಗಬೇಕಾದದ್ದು ಮೊಹರಿಲ್ಲದ ಎರಕದ ಅಲ್ಯೂಮಿನಿಯಂ ಮತ್ತು ಎಲ್ಲಿ ಹಾಕಿಸಿದ್ದೋ ಗೊತ್ತಿಲ್ಲದ ಕಲಾಯಿ ಪಾತ್ರೆ. ಕಿತ್ತ ನಾನ್‌ಸ್ಟಿಕ್ ಅದರ ನಂತರ. ಈ ಸಾಲನ್ನು ಜನ ಸಾಮಾನ್ಯವಾಗಿ ತಿರುವುಮುರುವು ಮಾಡುತ್ತಾರೆ.

ಮಣಿಕಟ್ಟು ನೋಯುವ ಹಿರಿಯರಿಗೆ ಎರಕದ ಕಬ್ಬಿಣ ಹೇರಬೇಡಿ. ಹಾರ್ಡ್ ಅನೊಡೈಸ್ಡ್ ಬಾಣಲೆ, ಹಗುರ ಕಬ್ಬಿಣದ ಕಾವಲಿ, ಸ್ಟೀಲ್ ಪಾತ್ರೆ ಅವರಿಗೆ ಸರಿ. ನಮ್ಮ ಪಕ್ಕದ ಮನೆಯ ಎಂಬತ್ತರ ಅಜ್ಜಿ ನಾನ್‌ಸ್ಟಿಕ್ಕಿನಲ್ಲಿ ಸಣ್ಣ ಉರಿಯಲ್ಲಿ ಒಂದೇ ಒಂದು ದೋಸೆ ಹೊಯ್ದುಕೊಂಡು ತಿನ್ನುತ್ತಾರೆ. ಆ ದೋಸೆಯನ್ನು ಅವರಿಂದ ಕಿತ್ತುಕೊಳ್ಳುವ ಮನಸ್ಸು ನನಗಿಲ್ಲ.

ಇನ್ನೂ ಸೌದೆ ಒಲೆಯಲ್ಲಿ, ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಬೇಯಿಸುವವರಿದ್ದರೆ ಪಾತ್ರೆಯ ಮಾತು ಆಮೇಲೆ. ಪಾತ್ರೆಗೆ ತೆಗೆದಿಟ್ಟ ದುಡ್ಡು ಮೊದಲು ಹೊಗೆ ಹೊರಹೋಗುವ ದಾರಿಗೆ, ಗ್ಯಾಸಿಗೆ ಹೋಗಲಿ. ಆ ಹೊಗೆ ಮಾಡುವಷ್ಟು ಕೇಡನ್ನು ಯಾವ ಬಾಣಲೆಯೂ ಮಾಡದು.

ಪುಣೆಯ ಹುಡುಗಿಗೆ ಕೊನೆಗೆ ಹೋದದ್ದು ಮೂರು ಲೀಟರಿನ ಸ್ಟೀಲ್ ಕುಕ್ಕರ್, ಒಂದು ಟ್ರೈಪ್ಲೈ ಬಾಣಲೆ, ಎರಡು ಸ್ಟೀಲ್ ಪಾತ್ರೆ, ಅವಳಮ್ಮ ವಾರವಿಡೀ ಪಳಗಿಸಿ ಕೊಟ್ಟ ಕಬ್ಬಿಣದ ಕಾವಲಿ, ಕಬ್ಬಿಣದ್ದೇ ಒಗ್ಗರಣೆ ಸೌಟು, ಗಾಜಿನ ಭರಣಿಯಲ್ಲಿ ಮಾವಿನಮಿಡಿ. ಮೊಟ್ಟೆಗೆಂದು ಅವಳು ಹಟ ಹಿಡಿದ ಪುಟ್ಟ ನಾನ್‌ಸ್ಟಿಕ್ಕನ್ನೂ ಇಟ್ಟುಕೊಳ್ಳಲಿ ಎಂದೆ. ಅಜ್ಜಿಯ ಹಿತ್ತಾಳೆ ಪಾತ್ರೆ ಊರಲ್ಲೇ ಉಳಿದಿದೆ, ಶುದ್ಧ ತವರ ಹಾಕುವವರು ಸಿಕ್ಕಿದ ಮೇಲೆ ಕಳಿಸುತ್ತಾರಂತೆ. ಮನೆಯಲ್ಲಿದ್ದ ಹಳೆಯ ಎರಕದ ಅಲ್ಯೂಮಿನಿಯಂ ಬಾಣಲೆಯನ್ನು ಯಾರಿಗಾದರೂ ಕೊಡಲೇ ಎಂದು ಹುಡುಗಿಯ ಅಮ್ಮ ಕೇಳಿದರು. ಬೇಡ, ನಿಮ್ಮ ಮಕ್ಕಳಿಗೆ ಬೇಡವಾದದ್ದು ಇನ್ನೊಬ್ಬರ ಮಕ್ಕಳ ಅಡುಗೆಮನೆಗೆ ಹೋಗುವುದು ಬೇಡ, ಗಿಡ ನೆಡಿ ಎಂದೆ. ಈಗ ಅದರಲ್ಲಿ ದೊಡ್ಡಪತ್ರೆ ಬೆಳೆಯೋದು ಬೇಡ, ತಿನ್ನದ ಹೂವಿನ ಗಿಡವೇ ಇರಲಿ ಎಂದು ಅವರೇ ಯೋಚಿಸಿ ಕಣಗಿಲೆ ನೆಟ್ಟಿದ್ದಾರೆ.